ಓಣಿಯೊಳಗ ಪೂಲ್ ಟೇಬಲ್ ಯಾಕ್ರಿ ಅಂತ ಕೇಳಿದವರಿಗೆ



ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಗ್ರಂಥಾಲಯದ ಪಕ್ಕದ ಕೋಣೆಗೆ ಹುಡುಗರು ಒಂದು ಪೂಲ್ ಟೇಬಲ್ ತಂದು ಇಟ್ಟಿದ್ದಾರೆ. ನಾಣ್ಯ ಹಾಕಿ ಆಡುವ ಸಣ್ಣ ಟೇಬಲ್. ಹುಮನಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದು ರಿಪೇರಿ ಮಾಡಿದ್ದು. ನಾನೂ ಚಂದಾ ಕೊಟ್ಟಿದ್ದೇನೆ, ಜೊತೆಗೆ ನಿಂತಿದ್ದೇನೆ. ಇದನ್ನು ನೋಡಿ ನಮ್ಮದೇ ಹಿರಿಯ ಸಂಗಾತಿಗಳು ಕೆಲವರು ಬೇಸರ ಮಾಡಿಕೊಂಡಿದ್ದಾರೆ. "ಬಾಬಾಸಾಹೇಬರು ಓದ್ರಿ ಅಂದ್ರ ನೀವು ಪೋರಗೋಳಿಗಿ ಗೋಲಿ ಆಡಸಲಾಕತ್ತೀರಿ" ಅಂದರು ಒಬ್ಬರು. "ಜೂಜಿನ ಅಡ್ಡಾ ಆಗ್ತದ ನೋಡ್ರಿ" ಅಂದರು ಇನ್ನೊಬ್ಬರು. "ಸಾಹೇಬರ ಆಟ ನಮಗ್ಯಾಕ?" ಇದು ಮೂರನೆಯದು.

ಮೂರೂ ಮಾತು ಕಾಳಜಿಯಿಂದ ಬಂದವು. ಹಗುರವಾಗಿ ತಳ್ಳಿಹಾಕಲಾರೆ. ಆದರೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಮೊದಲು ಒಂದು ಪ್ರಶ್ನೆ. ದಿನವಿಡೀ ದುಡಿದು ಬಂದ ನಮ್ಮ ಹುಡುಗ ಸಂಜೆ ಎಲ್ಲಿ ಕೂಡಬೇಕು? ಹಳ್ಳಿಯಲ್ಲಿ ಹಣಮಂದೇವರ ಗುಡಿ ಕಟ್ಟೆ ಅದ, ಆದರೆ ಆ ಕಟ್ಟೆಗೆ ಮಾಲೀಕರಿದ್ದಾರೆ. ನಮ್ಮವ ಅಲ್ಲಿ ಕಾಲು ಇಳಿಬಿಟ್ಟು ಕೂತರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಪಟ್ಟಣದಲ್ಲಿ ಹೋಟೆಲ್ ಅದ, ಚಹಾ ಕುಡಿದ ಮೇಲೆ ಎದ್ದು ಹೋಗಬೇಕು. ಹೈದರಾಬಾದಿಗೋ ಪುಣೆಗೋ ಸೆಂಟ್ರಿಂಗ್ ಕೆಲಸಕ್ಕೆ ಹೋದವರು ಹಬ್ಬಕ್ಕೆ ಊರಿಗೆ ಬಂದರೆ ನಾಲ್ಕು ದಿನ ಮೊಬೈಲ್ ನೋಡಿಕೊಂತ ರಸ್ತೆ ಬದಿಗೆ ನಿಲ್ಲುತ್ತಾರೆ. ಸಸ್ತಾಪುರ ಬಂಗ್ಲಾ ಕಡೆ ಲಾರಿ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರು ರಾತ್ರಿ ಹೈವೇ ಢಾಬಾಗಳಿಗೆ ಹೋಗುತ್ತಿದ್ದರು. ಯಾಕೆ? ಅಲ್ಲಿ ಪೂಲ್ ಟೇಬಲ್ ಇತ್ತು. ಟೇಬಲ್ ಇದ್ದಲ್ಲಿ ಬಾಟಲಿ ಇತ್ತು, ಬಾಟಲಿ ಇದ್ದಲ್ಲಿ ಪಂಥ, ಪಂಥ ಇದ್ದಲ್ಲಿ ಜಗಳ. ಜಗಳ ಠಾಣೆಗೆ ಹೋದಾಗ ಯಾರ ಹೆಸರು ಮೊದಲು ಬರೆಯುತ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಪಟ್ಟಣದೊಳಗಿನ ಒಂದು ಗೇಮ್ ಅಂಗಡಿಗೂ ನಮ್ಮ ಹುಡುಗರು ಹೋಗಿದ್ದರು. ಒಳಗೆ ಟೇಬಲ್ ಖಾಲಿ ಕಾಣುತ್ತಿತ್ತು. ಕೌಂಟರಿನವ ಕೇಳಿದ್ದು ಒಂದೇ ಮಾತು: "ಯಾವ ಓಣಿ?" ಓಣಿ ಹೇಳಿದ ಮೇಲೆ ಟೇಬಲ್ ಬುಕ್ ಆಗ್ಯಾದ ಅಂದ. ಬೈಗುಳ ಇಲ್ಲ, ಹೊಡೆತ ಇಲ್ಲ. ಕೇಸು ಹಾಕಲಿಕ್ಕೆ ಸಾಕ್ಷಿಯೂ ಇಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಹೋಟೆಲ್ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳಗಳೂ ಸೇರಿವೆ. ಜಾತಿಯ ಕಾರಣಕ್ಕೆ ಅಲ್ಲಿಗೆ ಪ್ರವೇಶ ತಡೆಯುವಂತಿಲ್ಲ. ಬಾವಿ, ಕೆರೆಗಳನ್ನು ಹೇಳಿದ ಖಂಡದಲ್ಲೇ ಮನರಂಜನೆಯನ್ನೂ ಬರೆದಿದ್ದಾರೆ ಅಂದ್ರ, ಆಟದ ಜಾಗ ಸಣ್ಣ ವಿಷಯ ಅಂತ ಸಂವಿಧಾನ ಬರೆದವರು ಭಾವಿಸಿರಲಿಲ್ಲ.

ಹಿಂಗಾಗಿ ಹುಡುಗರು ತಾವೇ ಒಂದು ಟೇಬಲ್ ಕೊಳ್ಳುವುದು ಅಂತ ತೀರ್ಮಾನ ಮಾಡಿದರು. ಹುಮನಾಬಾದಿನ ಹತ್ತಿರ ಹೈವೇ ಮೇಲೆ ಮುಚ್ಚಿದ ಢಾಬಾವೊಂದರ ಹಿಂದೆ ತಾಡಪತ್ರಿ ಹೊದಿಸಿ ಇಟ್ಟಿದ್ದು ಸಿಕ್ಕಿತು. 22 ಸಾವಿರ ಹೇಳಿದ, 18 ಸಾವಿರಕ್ಕೆ ಬಿಟ್ಟ. ಬೇರೆ ಊರಿನವರು ಹಿಂಗೇ ಹಳೆಯ ಟೇಬಲ್ ಕೊಳ್ಳುವವರಿದ್ದರೆ ಕೇಳಿಸಿಕೊಳ್ಳಿ, ನೋಡಬೇಕಾದ್ದು ಬಟ್ಟೆ ಅಲ್ಲ. ಬಟ್ಟೆ ಹರಿದಿದ್ದರೆ ಹರಿದಿರಲಿ, ಹೇಗೂ ಬದಲಿಸುವುದೇ. ಬಟ್ಟೆಯ ಕೆಳಗೆ ಕಲ್ಲು ಅದನೋ ಪ್ಲೈವುಡ್ ಅದನೋ ನೋಡಬೇಕು. ಪ್ಲೈವುಡ್ ಆದ್ರ ಎರಡು ಮಳೆಗಾಲಕ್ಕೆ ಡೊಂಕಾಗುತ್ತದೆ. ಕಲ್ಲು ಆದ್ರ ಈ ಮೂಲೆಯಿಂದ ಆ ಮೂಲೆಗೆ ದಾರ ಬಿಗಿಹಿಡಿದು ನೋಡಬೇಕು, ಎಲ್ಲಿ ತಗ್ಗು, ಎಲ್ಲಿ ಉಬ್ಬು ಅಂತ. ಆಮೇಲೆ ಸುತ್ತಲಿನ ರಬ್ಬರು. ಒಂದು ಚೆಂಡು ಜೋರಾಗಿ ಹೊಡೆದರೆ ಟೇಬಲ್ಲಿನ ಉದ್ದಕ್ಕೆ ಮೂರು ನಾಲ್ಕು ಸಲ ಹೋಗಿಬರಬೇಕು. ಒಂದು ಸಲಕ್ಕೇ ಸುಸ್ತಾದ್ರ ರಬ್ಬರು ಸತ್ತದ ಅಂತ ಅರ್ಥ. ಕೊನೆಗೆ ಕೀಲಿ. ಚೆಂಡಿನ ಬಾಗಿಲಿಗೆ ಒಂದು, ರೊಕ್ಕದ ಪೆಟ್ಟಿಗೆಗೆ ಒಂದು. ಎರಡೂ ಕೈಗೆ ಬರುವ ತನಕ ಹಣ ಕೊಡಬೇಡಿ.

ನಮ್ಮದರ ಕಲ್ಲು ನಿಜವಾದ ಸ್ಲೇಟು. ಅದೊಂದೇ ಕ್ವಿಂಟಲ್ ಮೇಲೆ ಭಾರ. ಆರು ಮಂದಿ ಎತ್ತಿ ಛೋಟಾ ಹಾಥಿಯೊಳಗೆ ಗೋಣಿಚೀಲ ಹಾಸಿ ನಿಲ್ಲಿಸಿ ತಂದರು. ಕಲ್ಲನ್ನು ಅಡ್ಡ ಮಲಗಿಸಿದರೆ ಗುಂಡಿಯಲ್ಲಿ ಗಾಡಿ ಜಿಗಿದಾಗ ಬಿರಿಯುತ್ತದೆ, ನಿಲ್ಲಿಸಿಯೇ ತರಬೇಕು ಅಂತ ಹೇಳಿದವನು ಪರಸಿ ಹೊರುವ ಹಮಾಲಿ ಕೆಲಸ ಮಾಡಿದ ಹುಡುಗ. ಅವನ ಶಾಲೆ ಏಳನೇ ಇಯತ್ತೆಗೆ ನಿಂತಿತ್ತು.

ರಿಪೇರಿ ಹದಿನೆಂಟು ದಿನ ಹಿಡಿಯಿತು. ನಮ್ಮ ಕೋಣೆಗೆ ಶಹಾಬಾದ್ ಪರಸಿಯ ನೆಲ, ಎಲ್ಲೂ ಸಮ ಇಲ್ಲ. ಗೌಂಡಿ ಕೆಲಸದ ಅಣ್ಣ ಒಬ್ಬರು ಲೆವೆಲ್ ಪಟ್ಟಿ ಇಟ್ಟು ನಾಲ್ಕೂ ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಅರ್ಧ ದಿನದಲ್ಲಿ ಸಮ ಮಾಡಿದರು. ಕಲ್ಲಿನ ಒಂದು ಸ್ಕ್ರೂ ತೂತಿನ ಹತ್ತಿರ ಬಿರುಕಿತ್ತು, ಅರಾಲ್ಡೈಟ್ ತುಂಬಿ, ಒಣಗಿದ ಮೇಲೆ ಉಜ್ಜುಕಾಗದದಿಂದ ತಿಕ್ಕಿದರು. ರಬ್ಬರು ಹೊಸದು ಬೇಕೇ ಬೇಕಾಯಿತು. ಬಟ್ಟೆ ಸಿಕಂದರಾಬಾದಿನಿಂದ ತರಿಸಿದೆವು. ಹಸಿರು ಬೇಡ, ನೀಲಿ ಇರಲಿ ಅಂತ ಹುಡುಗರೆಲ್ಲ ಒಂದೇ ದನಿಯಲ್ಲಿ ಅಂದರು. ದೊಡ್ಡ ಟೂರ್ನಮೆಂಟುಗಳಲ್ಲೂ ನೀಲಿ ಬಟ್ಟೆ ಹಾಕುತ್ತಾರೆ, ಆದ್ದರಿಂದ ಸಿಗುವುದು ಕಷ್ಟ ಆಗಲಿಲ್ಲ. ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಬಂದು ಬಟ್ಟೆಯ ನೂಲು ಯಾವ ದಿಕ್ಕಿಗೆ ಅದ ಅಂತ ನೋಡಿ, ಎಲ್ಲ ಕಡೆ ಒಂದೇ ಸಮ ಎಳೆದು ಹಿಡಿಸಿದರು. ಸುಕ್ಕು ಬಿದ್ದರೆ ಚೆಂಡು ದಾರಿ ತಪ್ಪುತ್ತದೆ.

ಮಾರಿದವನು "ಲಾಕ್ ಖರಾಬ್ ಆಗ್ಯಾದ, ಬಿಳಿ ಚೆಂಡು ಒಳಗೇ ಉಳೀತದ" ಅಂತ ಹೇಳಿ ಕೊಟ್ಟಿದ್ದ. ಈ ಟೇಬಲ್ಲಿನಲ್ಲಿ ಬಣ್ಣದ ಚೆಂಡು ತೂತಿಗೆ ಬಿದ್ದರೆ ಮುಂದಿನ ನಾಣ್ಯ ಹಾಕುವ ತನಕ ಒಳಗೆ ಬಂದಿ. ಬಿಳಿ ಚೆಂಡು ಮಾತ್ರ ಬಿದ್ದ ಕೂಡಲೇ ಬೇರೆ ಹಾದಿಯಿಂದ ಹೊರಗೆ ಬರಬೇಕು. "ಇಲ್ಲೂ ಬಿಳಿಯವಗೇ ಬಿಡುಗಡೆ ನೋಡ್ರಿ ಅಣ್ಣ" ಅಂತ ಒಬ್ಬ ನಗಿಸಿದ. ಗ್ಯಾರೇಜಿನಲ್ಲಿ ಹೆಲ್ಪರ್ ಆಗಿರುವ ಹುಡುಗ ಕೆಳಗೆ ಅಂಗಾತ ಮಲಗಿ, ಬ್ಯಾಟರಿ ಹಿಡಿದು ನೋಡಿದ. ಲಾಕ್ ಖರಾಬ್ ಆಗಿರಲೇ ಇಲ್ಲ. ಇಂಥ ಸಣ್ಣ ಟೇಬಲ್ಲಿನ ಬಣ್ಣದ ಚೆಂಡು 2 ಇಂಚು, ಬಿಳಿ ಚೆಂಡು ಒಂದು ಸೂತ್ ಸಣ್ಣದು, ಅಂದ್ರ ಇಂಚಿನ ಎಂಟನೇ ಒಂದು ಪಾಲು. ಆ ಒಂದು ಸೂತಿನ ಫರಕಿನಿಂದಲೇ ಒಳಗಿನ ಹಾದಿ ಅದನ್ನು ಬೇರೆ ಮಾಡುತ್ತದೆ. ಢಾಬಾದವ ಅಸಲಿ ಚೆಂಡು ಕಳೆದುಕೊಂಡು ಬೇರೆ ಸೆಟ್ಟಿನ ದೊಡ್ಡ ಬಿಳಿ ಚೆಂಡು ಹಾಕಿದ್ದ. ಸರಿಯಾದ ಅಳತೆಯ ಚೆಂಡು ಬಂದ ದಿನ ಎಲ್ಲ ಸರಿ ಆಯಿತು.

ಇನ್ನು ನಾಣ್ಯ. ಆ ನೂಕುವ ಪಟ್ಟಿ ಹಳೆಯ 5 ರೂಪಾಯಿ ನಾಣ್ಯಕ್ಕೆ ಮಾಡಿದ್ದು, ಆ ದಪ್ಪದ್ದು, 9 ಗ್ರಾಂ ತೂಕದ್ದು. ಈಗ ಹೆಚ್ಚಾಗಿ ಕೈಗೆ ಬರುವುದು 6 ಗ್ರಾಮಿನ ನಾಣ್ಯ. ಅಗಲ ಎರಡಕ್ಕೂ 23 ಮಿಲಿಮೀಟರೇ, ದಪ್ಪ ಮಾತ್ರ ಕಡಿಮೆ. ಹೊಸ ನಾಣ್ಯ ಇಟ್ಟರೆ ಒಳಗಿನ ಕೊಕ್ಕೆ ಮೇಲೆ ಏಳುತ್ತಿರಲಿಲ್ಲ, ಪಟ್ಟಿ ಅಲ್ಲೇ ನಿಲ್ಲುತ್ತಿತ್ತು. ಲೇತ್ ಮಿಷನ್ನಿನ ಮಿಸ್ತ್ರಿ ಒಬ್ಬರು ನಾಣ್ಯ ಕೂಡುವ ಜಾಗದ ತಳಕ್ಕೆ ತೆಳ್ಳನೆಯ ಸ್ಟೀಲ್ ತಗಡು ಕೂಡಿಸಿ ಕೊಟ್ಟರು. ಈಗ ಹೊಸ ನಾಣ್ಯ ಸರಾಗ ಹೋಗುತ್ತದೆ, ಹಳೆಯ ದಪ್ಪದ್ದು ಹೋಗುವುದಿಲ್ಲ.

ಕೋಲಿನ ತುದಿಗೆ ಚರ್ಮದ ಬಿಲ್ಲೆ ಇರುತ್ತದೆ ಅಂತ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದಿಲ್ಲದಿದ್ದರೆ ಕೋಲು ಚೆಂಡಿನ ಮೇಲೆ ಜಾರುತ್ತದೆ. ಚಾಕ್ ಹಿಡಿಯುವುದೂ ಆ ಚರ್ಮವೇ. ಇಡೀ ಆಟ ನಿಂತಿರುವುದು ಬೆರಳುಗುರಿನಷ್ಟು ತೊಗಲಿನ ಮೇಲೆ. ಬಸ್‌ಸ್ಟ್ಯಾಂಡ್ ಕಡೆ ಚಪ್ಪಲಿ ಹೊಲಿಯುವ ನಮ್ಮ ಕಾಕಾ ನಾಲ್ಕು ಕೋಲಿಗೆ ಬಿಲ್ಲೆ ಕೊಯ್ದು, ಅಂಟಿಸಿ, ಕಾನಸಿನಿಂದ ಗುಂಡಗೆ ಮಾಡಿ ಕೊಟ್ಟರು. "ಜಲ್ಮಪೂರ್ತಿ ಕಾಲಿಗಿ ಹೊಲದೀನಿ ತಮ್ಮಾ, ಆಟಕ್ಕಂತ ಮಾಡಿದ್ದು ಇದೇ ಮೊದಲ್" ಅಂದರು. ಕುಲಕಸುಬನ್ನು ಹಾಡಿ ಹೊಗಳುವವನು ನಾನಲ್ಲ, ಆ ಕಸುಬಿನಿಂದ ಮಕ್ಕಳನ್ನು ಬಿಡಿಸಿದ ಕಾಕಾನೂ ಅಲ್ಲ. ಆದರೆ "ಸಾಹೇಬರ ಆಟ" ಅನ್ನುವವರು ಆ ಕೋಲಿನ ತುದಿ ಮುಟ್ಟಿ ನೋಡಬೇಕು.

ಸಾಹೇಬರ ಆಟದ ಮಾತು ಬಂತಲ್ಲ, ಅದನ್ನೂ ನೋಡೋಣ. ಇದೇ ವಂಶದ ಸ್ನೂಕರ್ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, 1875ರಲ್ಲಿ ನಮ್ಮ ಜಬಲ್‌ಪುರದಲ್ಲಿ, ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ. ನೆವಿಲ್ ಚೇಂಬರ್ಲೇನ್ ಅನ್ನುವ ಅಧಿಕಾರಿ ಶುರುಮಾಡಿದ. 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ಅದರ ನಿಯಮ ಬರೆದು ಹಾಕಿದರು. ಆ ಕೋಣೆಗಳಲ್ಲಿ ಚೆಂಡು ಆರಿಸಿ ಇಡುವುದಕ್ಕೆ, ಅಂಕ ಬರೆಯುವುದಕ್ಕೆ ಈ ನೆಲದ ಆಳುಗಳಿದ್ದರು, ಅವರಿಗೆ ಮಾರ್ಕರ್ ಅನ್ನುತ್ತಿದ್ದರು. ನೆಲ ನಮ್ಮದು, ಬೆವರು ನಮ್ಮದು, ಸದಸ್ಯತ್ವ ಅವರದು. ಹಾಗಾದರೆ ಆಟ ಬಿಟ್ಟುಕೊಡಬೇಕೋ, ಬಾಗಿಲು ತೆಗೆಸಬೇಕೋ?

ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನು ನೆನಪು ಮಾಡಿಕೊಳ್ಳಿ. ಚಮಾರ ಸಮುದಾಯದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನದಲ್ಲಿ ರೋಲರ್ ಎಳೆಯುತ್ತ, ನೆಟ್ ಕಟ್ಟುತ್ತ ಇದ್ದವರು ಬೌಲಿಂಗ್ ಕಲಿತರು. ಹಿಂದೂ ತಂಡಕ್ಕೆ ಅವರ ಚೆಂಡು ಬೇಕಾಯಿತು. ಮೈದಾನದೊಳಗೆ ಎಲ್ಲರೂ ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು, ಅದೂ ಜಗಳ ಆದ ಮೇಲೆ. 1937ರ ಚುನಾವಣೆಯಲ್ಲಿ ಬಾಳೂ ಬಾಬಾಸಾಹೇಬರ ಎದುರು ಕಾಂಗ್ರೆಸ್ಸಿನಿಂದ ನಿಂತು ಸೋತರು, ಆ ಕಥೆ ಬೇರೆ. ನಾನು ಹೇಳುವುದು ಇಷ್ಟು: ಚೆಂಡಿಗೆ ಜಾತಿ ಇಲ್ಲ, ಚಹಾ ಕೊಡುವವನಿಗೆ ಇತ್ತು.

ನಾಣ್ಯದ ಪೆಟ್ಟಿಗೆಯೂ ಹಾಗೇ. ನಮ್ಮ ಅವ್ವನ ಕಾಲಕ್ಕೆ ಕಿರಾಣಿ ಅಂಗಡಿಯವ ಚಿಲ್ಲರೆಯನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಬಿಡುತ್ತಿದ್ದ. ಅವ್ವ ಕೊಡುವ ರೊಕ್ಕ ಕಟ್ಟೆ ಮೇಲೆ ಇಡಬೇಕಿತ್ತು. ಟೇಬಲ್ಲಿನ ಯಂತ್ರ ಹಾಗೆ ಮಾಡುವುದಿಲ್ಲ. ಐದು ರೂಪಾಯಿ ನೂಕಿದರೆ ಹದಿನೈದು ಚೆಂಡು ಗಡಗಡ ಉರುಳಿ ಬರುತ್ತವೆ, ಯಾರ ಕೈ ಅಂತ ಕೇಳದೆ. ಇದನ್ನು ನೋಡಿ "ಯಂತ್ರ ಬಂತು, ಮಾರುಕಟ್ಟೆ ಬಂತು, ಜಾತಿ ಹೋಯ್ತು" ಅನ್ನುವ ಜಾಣರು ಬಹಳ ಮಂದಿ ಇದ್ದಾರೆ. ಅವರಿಗೆ ಹೇಳಬೇಕು: ಯಂತ್ರ ಕೇಳುವುದಿಲ್ಲ ನಿಜ, ಯಂತ್ರ ಇಟ್ಟ ಕೋಣೆಯ ಬಾಗಿಲಲ್ಲಿ ಕುಳಿತವ ಕೇಳುತ್ತಾನೆ. ಗೇಮ್ ಅಂಗಡಿಯ ಟೇಬಲ್ಲಿಗೂ ನಮ್ಮ ಹುಡುಗರ ನಾಣ್ಯ ನಡೆಯುತ್ತಿತ್ತು. ನಾಣ್ಯ ಅಲ್ಲಿಯ ತನಕ ತಲುಪಲಿಲ್ಲ, ಅಷ್ಟೇ.

ಆದ್ದರಿಂದ ನನಗೆ ಮುಖ್ಯವಾದದ್ದು ಟೇಬಲ್ ಅಲ್ಲ, ಕೀಲಿ. ಬಾಗಿಲ ಕೀಲಿ, ಪೆಟ್ಟಿಗೆಯ ಕೀಲಿ ಯಾರ ಕೈಯಾಗ ಅದ ಅನ್ನುವುದು.

ಈಗ "ಓದ್ರಿ ಅಂದ್ರ ಆಡಸಲಾಕತ್ತೀರಿ" ಅನ್ನುವ ಮಾತಿಗೆ ಬರ್ತೀನಿ. ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಅಂತ ಬರೆದ ಗ್ರಂಥದಲ್ಲಿ ಗಾಂಧಿವಾದದ ಬಗ್ಗೆ ಒಂದು ಅಧ್ಯಾಯ ಅದ. ಮನುಷ್ಯನಿಗೂ ಪಶುವಿಗೂ ಇರುವ ಅಂತರವನ್ನು ಅವರು ಅಲ್ಲಿ ಸಂಸ್ಕೃತಿಯಲ್ಲಿ ಕಾಣುತ್ತಾರೆ. ಸಂಸ್ಕೃತಿ ಬರಬೇಕಾದರೆ ಬಿಡುವು ಬೇಕು, ಬಿಡುವು ಎಲ್ಲರಿಗೂ ಸಿಗಬೇಕಾದರೆ ಯಂತ್ರ ಬೇಕು ಅನ್ನುವುದು ಅವರ ವಾದ. ದುಡಿಯುವವನ ಬಿಡುವನ್ನು ಅವರು ಸೋಮಾರಿತನ ಅಂತ ಕರೆಯಲಿಲ್ಲ, ಮನುಷ್ಯತ್ವದ ಶರತ್ತು ಅಂತ ಕಂಡರು. ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆಯನ್ನು 1946ರಲ್ಲಿ ಮಂಡಿಸಿದವರೂ ಅವರೇ, ಕಾರ್ಮಿಕ ಖಾತೆ ಆಗ ಅವರ ಕೈಯಲ್ಲಿತ್ತು. ಆ ಉಳಿದ ಆರು ಗಂಟೆ ಯಾತಕ್ಕೆ ಗೆಳೆಯರೇ? ಆರೂ ಗಂಟೆ ಭಾಷಣ ಕೇಳಲಿಕ್ಕೋ?

ನಮ್ಮ ಚಳವಳಿಯೊಳಗೆ ಒಂದು ಬಿಗಿತನ ಅದ. ನಮ್ಮ ಹುಡುಗ ಒಂದೋ ಓದಬೇಕು, ಇಲ್ಲಾ ಹೋರಾಡಬೇಕು. ನಗುವುದು, ಆಡುವುದು, ಸುಮ್ಮನೆ ಕೂಡುವುದು ತಪ್ಪು ಅನ್ನುವಂತೆ ನೋಡುತ್ತೇವೆ. ಮೇಲಿನವರ ಮಕ್ಕಳಿಗೆ ಕ್ಲಬ್ ಅದ, ಟೆನಿಸ್ ಅದ, ಬೇಸಿಗೆ ಶಿಬಿರ ಅದ. ಅವರು ಆಡಿದರೆ ವ್ಯಕ್ತಿತ್ವ ವಿಕಸನ. ನಮ್ಮವರು ಆಡಿದರೆ ಟೈಮ್‌ಪಾಸ್. ಈ ಎರಡು ತಕ್ಕಡಿ ನಮಗೆ ಯಾರು ಕೊಟ್ಟರು?

ಹಾಗಂತ ಓದು ಬಿಟ್ಟಿಲ್ಲ. ಸಂಜೆ 7ರಿಂದ 9 ಓದುವ ಹೊತ್ತು, ಟೇಬಲ್ ಬಂದ್. ಪರೀಕ್ಷೆ ಇರುವ ಮಕ್ಕಳ ಕೈಗೆ ಆ ತಿಂಗಳು ಕೋಲು ಇಲ್ಲ. ಈ ನಿಯಮ ನಾನು ಹಾಕಿದ್ದಲ್ಲ, ಹುಡುಗರೇ ಕೂತು ಮಾಡಿದ್ದು. ಟೇಬಲ್ ಬಂದ ಮೇಲೆ ಗ್ರಂಥಾಲಯದ ಬಾಗಿಲು ದಾಟಿದ ಹುಡುಗರೂ ಇದ್ದಾರೆ. ಆಟದ ಸರದಿ ಕಾಯುತ್ತ ಪೇಪರ್ ಓದುವವರನ್ನು ದಿನಾ ನೋಡುತ್ತೇನೆ.

ಜೂಜಿನ ಭಯ ಸುಳ್ಳಲ್ಲ. ಪೂಲ್ ಕೌಶಲದ ಆಟ, ಆದರೆ ಯಾವ ಆಟಕ್ಕೆ ಪಂಥ ಕಟ್ಟಿದರೂ ಅದು ಮನೆ ಮುರಿಯುತ್ತದೆ. ಅದಕ್ಕೇ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದೇವೆ: ಪಂಥ ಕಟ್ಟಿದವರು ತಿಂಗಳು ಹೊರಗೆ, ಕುಡಿದು ಬಂದವರು ಆ ದಿನ ಹೊರಗೆ. ಇಬ್ಬರು ಈಗಾಗಲೇ ಒಂದು ತಿಂಗಳು ಹೊರಗೆ ಇದ್ದು ಬಂದಿದ್ದಾರೆ, ಅದರಲ್ಲಿ ಒಬ್ಬ ನನ್ನ ಅಕ್ಕನ ಮಗ.

ಲೆಕ್ಕವೂ ಗೋಡೆ ಮೇಲೇ ಅದ. ಟೇಬಲ್ 18,000, ಗಾಡಿ ಬಾಡಿಗೆ 1,500, ಬಟ್ಟೆ 4,200, ರಬ್ಬರು 3,500, ಚೆಂಡು 2,600, ಬಿಲ್ಲೆ-ಚಾಕ್ 700, ಲೇತ್ ಮಿಸ್ತ್ರಿಗೆ 1,500. ಒಟ್ಟು 32,000. ಹೆಚ್ಚಿನ ಭಾಗ ದಿನಗೂಲಿ ಹುಡುಗರು ವಾರಕ್ಕೆ ಐವತ್ತು, ನೂರು ಕೂಡಿಸಿದ್ದು. ಮೊದಲ ತಿಂಗಳು ಪೆಟ್ಟಿಗೆ ತೆರೆದಾಗ 3,885 ರೂಪಾಯಿ ಇತ್ತು, ಅಂದ್ರ 777 ಆಟ. ಕರೆಂಟ್ ಬಿಲ್ ಕಟ್ಟಿ, ಮುಂದಿನ ಬಟ್ಟೆಗೆ ಅಂತ ಸಾವಿರ ತೆಗೆದಿಟ್ಟು, ಉಳಿದದ್ದರಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಪುಸ್ತಕ ಬಂದಿವೆ. ಪೆಟ್ಟಿಗೆಗೆ ಎರಡು ಬೀಗ ಹಾಕಿದ್ದೇವೆ, ಎರಡು ಕೀಲಿ ಇಬ್ಬರ ಹತ್ತಿರ. ಒಂದು ಕೀಲಿ ಯಾವಾಗಲೂ ಒಬ್ಬ ಹೆಣ್ಣುಮಗಳ ಕೈಯಲ್ಲಿ ಇರಬೇಕು ಅಂತ ಗೊತ್ತುಮಾಡಿದ್ದೇವೆ.

ಹೆಣ್ಣುಮಕ್ಕಳ ಮಾತು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಸಂಜೆ 4ರಿಂದ 6 ಅವರ ಹೊತ್ತು. ಮೊದಲ ಎರಡು ವಾರ ಯಾರೂ ಬರಲಿಲ್ಲ. ಆಮೇಲೆ ನರ್ಸಿಂಗ್ ಓದುವ ಇಬ್ಬರು ಬಂದರು, ಈಗ ಏಳೆಂಟು ಮಂದಿ. ಬಟ್ಟೆ ಹಿಡಿಸಿದ ಟೇಲರ್ ಅಕ್ಕ ತಮ್ಮ ಕೈಯ ಕೆಲಸ ಹೇಗಿದೆ ಅಂತ ನೋಡಲು ಬಂದವರು ಕೋಲು ಹಿಡಿದು, ಮೊದಲ ಹೊಡೆತಕ್ಕೇ ಕಪ್ಪು ಚೆಂಡು ಕೆಡವಿ ಓಡಿಹೋದರು. ಇನ್ನೂ ಸಾಲದು. ಕೆಲವು ಮನೆಗಳಲ್ಲಿ ಬೈತಾರೆ. ಓಣಿಯ ಗಂಡಸರ ಬಿಡುವು ಹೆಂಗಸರ ದುಡಿಮೆಯ ಮೇಲೆ ನಿಂತದ ಅನ್ನುವುದನ್ನು ಆ ಕೋಣೆಯೊಳಗೇ ಮಾತಾಡಬೇಕಾಗಿದೆ, ಮಾತಾಡ್ತೇವೆ.

ಇನ್ನೊಂದು ಸಂಗತಿ. ಬೇರೆ ಓಣಿಯ ಹುಡುಗರು, ಮುಸ್ಲಿಂ ಹುಡುಗರು, ಲಿಂಗಾಯತ ಹುಡುಗರು ಬಾಗಿಲಲ್ಲಿ ನಿಂತು "ನಾವೂ ಬರಬಹುದೇನ್ರಿ?" ಅಂತ ಕೇಳಿದರು. ನಮ್ಮವರಲ್ಲಿ ಒಬ್ಬಿಬ್ಬರಿಗೆ ಸಿಟ್ಟಿತ್ತು, "ನಮಗ ಒಳಗ ಬಿಟ್ಟಿದ್ರೇನು?" ಅಂತ. ಆ ಸಿಟ್ಟು ನ್ಯಾಯದ್ದೇ. ಆದರೂ ಚರ್ಚೆ ಆಗಿ ತೀರ್ಮಾನ ಆಯಿತು: ಯಾರು ಬಂದರೂ ಸರದಿ ಪ್ರಕಾರ ಆಟ, ನೀರು ಕುಡಿಯುವುದಾದರೆ ಅದೇ ಕೊಡದಿಂದ ಅದೇ ಲೋಟದಲ್ಲಿ, ಮತ್ತು ಈ ಕೋಣೆಯೊಳಗೆ ಯಾರೂ ಯಾರಿಗೂ "ಯಾವ ಓಣಿ?" ಅಂತ ಕೇಳುವಂತಿಲ್ಲ. ಮೊದಲ ದಿನ ಒಬ್ಬ ನೀರು ಕುಡಿಯದೆ ಹೋದ. ಹತ್ತು ದಿನದ ಮೇಲೆ ಕುಡಿದ. ಸೆಖೆ ಜೋರಿತ್ತು.

ಇದು ಕಲ್ಯಾಣದ ನೆಲ. ಇಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯಿತು ಅನ್ನುವುದಕ್ಕೆ ಎರಡೂ ತಂದೆಯರನ್ನು ಎಳೆದು ಕೊಂದರು ಅಂತ ಪರಂಪರೆ ಹೇಳುತ್ತದೆ. ಅದೇ ಊರಲ್ಲಿ 2021ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು, ನೂರಾರು ಕೋಟಿಯ ಯೋಜನೆ. ಆಗಲಿ, ಚೆನ್ನಾಗಿಯೇ ಆಗಲಿ. ಆದರೆ ಆ ಹೆಸರಿನ ಅರ್ಥ ಬೇರೆ ಬೇರೆ ಕಾಯಕದವರು ಒಂದೇ ಚಾವಣಿ ಕೆಳಗೆ ಸರಿಸಮ ಕೂತರು ಅನ್ನುವುದಾದರೆ, ಅದನ್ನು 32 ಸಾವಿರದಲ್ಲೂ ಮಾಡಬಹುದು.

ಕೊನೆಗೆ ಒಂದು ಬೇಡಿಕೆ. ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದದ್ದು 2013ರಲ್ಲಿ. ಅಭಿವೃದ್ಧಿ ಹಣದಲ್ಲಿ ಶೇ. 24.1 ನಮ್ಮ ಎರಡು ಸಮುದಾಯಗಳ ಪಾಲು. ಆ ಹಣದ ಹೆಸರಲ್ಲಿ ನಾವು ಕಾಣುವುದು ಸಿಮೆಂಟು. ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಭವನ ಏಪ್ರಿಲ್ 14ಕ್ಕೆ ಒಮ್ಮೆ, ಡಿಸೆಂಬರ್ 6ಕ್ಕೆ ಒಮ್ಮೆ ತೆರೆಯುತ್ತದೆ, ನಡುವೆ ಯಾರದೋ ಮದುವೆಗೆ. ಉಳಿದ ದಿನ ಬೀಗ, ಕೀಲಿ ಯಾವುದೋ ಕಚೇರಿಯ ಡ್ರಾಯರಿನಲ್ಲಿ. ಪ್ರತಿ ಭವನದ ಅಂದಾಜು ಪಟ್ಟಿಯಲ್ಲಿ ಪುಸ್ತಕಕ್ಕೆ, ಆಟದ ಸಾಮಾನಿಗೆ ಒಂದು ಸಾಲು ಇರಬೇಕು. ಕೇರಂ ಆಗಲಿ, ಚೆಸ್ ಆಗಲಿ, ಕಬಡ್ಡಿ ಮ್ಯಾಟ್ ಆಗಲಿ, ಪೂಲ್ ಟೇಬಲ್ಲೇ ಆಗಲಿ. ದಿನಾ ಸಂಜೆ ಬಾಗಿಲು ತೆರೆಯಬೇಕು. ಕೀಲಿ ಆ ಓಣಿಯ ಯುವಕ ಯುವತಿಯರ ಸಮಿತಿಯ ಕೈಯಲ್ಲಿರಬೇಕು, ಲೆಕ್ಕ ಗೋಡೆಯ ಮೇಲಿರಬೇಕು. ಮುಂದಿನ ಸಲ ತಾಲ್ಲೂಕು ಮಟ್ಟದ ಕುಂದುಕೊರತೆ ಸಭೆಗೆ ಹೋದಾಗ ರಸ್ತೆ, ಚರಂಡಿ, ಸ್ಮಶಾನದ ಪಟ್ಟಿಯ ಕೆಳಗೆ ಇದನ್ನೂ ಬರೆದು ಕೊಡ್ರಿ. ಸತ್ತ ಮೇಲಿನ ಜಾಗ ಕೇಳುವ ನಾವು ಬದುಕಿರುವಾಗ ಕೂಡುವ ಜಾಗವನ್ನೂ ಕೇಳಬೇಕು.

ಹುಮನಾಬಾದ್, ಭಾಲ್ಕಿ, ಔರಾದ್ ಕಡೆ ಯಾರಾದರೂ ಹಳೆಯ ಟೇಬಲ್ ನೋಡಿಟ್ಟಿದ್ದರೆ ತಿಳಿಸಿ. ನಮ್ಮ ಹುಡುಗರು ದಾರ, ಲೆವೆಲ್ ಪಟ್ಟಿ, ಅಳತೆಯ ಬಿಳಿ ಚೆಂಡು ತಗೊಂಡು ಬಂದು ನೋಡಿ ಹೇಳ್ತಾರೆ. ಊಟ ಹಾಕಿದ್ರ ಸಾಕು.

ಜೈಭೀಮ್.